ಹಸಿರು ಕಾರಿನ ಯಜಮಾನರು

ನನ್ನ ಯಜಮಾನರು ನನ್ನನ್ನು ಆ ಹಸಿರು ಕಾರಿನಲ್ಲಿ ಮೊದಲ ಸಲ ಕೂರಿಸಿಕೊಂಡದ್ದು 1972ರ ಸೆಪ್ಟೆಂಬರಿನಲ್ಲಿ. ಕೊನೆಯ ಸಲವೂ ಅದೇ. ಆಮೇಲೆ ಇಪ್ಪತ್ತೈದು ವರ್ಷ ಅದು ನಿಂತ ಗರಾಜಿನ ಗೋಡೆಯಾಚೆ ನಿಂತು ಅಡುಗೆ ಮಾಡಿದೆ.

ಅವರ ಹೆಸರು ಕರಬಸಪ್ಪ. ರಾಣೆಬೆನ್ನೂರಿನವರು. ಅವರಪ್ಪ ಹತ್ತಿ ಜಿನ್ನಿನಲ್ಲಿ ಫಿಟ್ಟರ್ ಆಗಿದ್ದ. ಆರು ಗಂಡುಮಕ್ಕಳಲ್ಲಿ ಇವರು ಐದನೆಯವರು. ಅಂಗಿ ನಾಲ್ಕು ಮೈ ದಾಟಿ ಇವರ ಮೈಗೆ ಬರುತ್ತಿತ್ತು. ಪಾಟಿ, ಪುಸ್ತಕ, ಚಪ್ಪಲಿ ಎಲ್ಲವೂ ಹಾಗೇ. ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮಾಡಿ, ನೂಲಿನ ಮಿಲ್ಲಿನ ಮಷಿನ್ ಕಲಿಯಲು ಸೌತ್ ಕ್ಯಾರೊಲಿನಾಕ್ಕೆ ಬಂದರು. ಫೋರ್ಟ್ ಮಿಲ್ ಎಂಬ ಊರಿನಲ್ಲಿ ಮಿಲ್ಲಿನ ಕೆಲಸ ಸಿಕ್ಕಿತು. ಅಲ್ಲೇ ನಿಂತರು.

1969ರಲ್ಲಿ ಅಂಗಡಿಯ ಗಾಜಿನೊಳಗೆ ಆ ಕಾರು ನೋಡಿದರು. ಪಾಂಟಿಯಾಕ್ ಜಿಟಿಓ. ಕಡುಹಸಿರು ಬಣ್ಣ, ಒಳಗೆ ಹಾಲಿನ ಕೆನೆಯ ಬಣ್ಣದ ಸೀಟು. ಸ್ಟಾರ್ಟ್ ಮಾಡಿದರೆ ನೆಲ ನಡುಗುತ್ತಿತ್ತು. ಅವರ ಜನ್ಮದಲ್ಲಿ ಬೇರೆ ಯಾರ ಕೈಯೂ ಮುಟ್ಟದೆ ನೇರ ಅವರ ಕೈಗೆ ಬಂದ ಮೊದಲ ವಸ್ತು ಅದು. ಇದನ್ನು ಅವರು ನನಗೆ ಹೇಳಿದ್ದಲ್ಲ. ಅವರಣ್ಣ ಹೇಳಿದ್ದು.

ಆ ಕಾಲದಲ್ಲಿ ಅಲ್ಲಿ ನಮ್ಮ ಬಣ್ಣದವರು ಅಂಥ ಕಾರು ಓಡಿಸಿದರೆ ಜನ ನಿಂತು ನೋಡುತ್ತಿದ್ದರು. ಒಂದೇ ತಿಂಗಳಲ್ಲಿ ಮೂರು ಸಲ ಪೊಲೀಸರು ನಿಲ್ಲಿಸಿ, ಯಾರದಿದು ಎಂದು ಕೇಳಿದರಂತೆ. ಆಗಿನಿಂದ ಕಾರಿನ ಕಾಗದವೆಲ್ಲ ಗ್ಲೋವ್ ಬಾಕ್ಸಿನಲ್ಲಿ, ಒಂದು ನೀಲಿ ಫೈಲಿನಲ್ಲಿ. ಅಂಗಡಿಯ ಗಾಜಿಗೆ ಅಂಟಿಸಿದ್ದ ಚೀಟಿ ಕೂಡ ಇತ್ತು. ಇದು ನನ್ನದು, ಮೊದಲಿನಿಂದ ನನ್ನದೇ ಎಂದು ತೋರಿಸಲು.

ನನ್ನನ್ನು ಕರೆದುಕೊಂಡು ಹೋಗಲು ಶಾರ್ಲೆಟ್ ಏರ್‌ಪೋರ್ಟಿಗೆ ಬಂದಿದ್ದರು. ಮದುವೆಯಾಗಿ ಐದು ತಿಂಗಳಾಗಿತ್ತು. ನನಗೆ ಅವರ ಮುಖ ಸರಿಯಾಗಿ ನೆನಪಿರಲಿಲ್ಲ. ಅವರು ನನ್ನ ಮುಖ ನೋಡಲಿಲ್ಲ, ತಲೆ ನೋಡಿದರು.

“ತಲಿಗೆ ಎಣ್ಣಿ ಹಚ್ಚಿಯೇನು?”

“ಹೂಂನ್ರಿ. ಅವ್ವ ಹಚ್ಚಿ ಹೆರಳು ಹಾಕಿ ಕಳಿಸ್ಯಾಳ.”

ಡಿಕ್ಕಿಯಿಂದ ಟವೆಲ್ ತೆಗೆದು ಕೊಟ್ಟರು. “ಇದನ್ನ ಸುತ್ಕೋ. ಸೀಟಿಗೆ ತಲಿ ತಾಗಸಬ್ಯಾಡ.”

ನಾನು ಎರಡು ದಿನ ನಿದ್ದೆ ಮಾಡಿರಲಿಲ್ಲ. ದಾರಿಯಲ್ಲಿ ಕಣ್ಣು ಹತ್ತಿತು. ಟವೆಲ್ ಜಾರಿತು. ಮನೆ ಮುಟ್ಟಿದಾಗ ಸೀಟಿನ ತಲೆದಿಂಬಿನ ಮೇಲೆ ರೊಟ್ಟಿಯಷ್ಟು ಅಗಲ ಎಣ್ಣೆ ಇಳಿದಿತ್ತು. ಅವರು ಬೈಯಲಿಲ್ಲ. ಪೌಡರ್ ತಂದು ಉಜ್ಜಲು ಶುರುಮಾಡಿದರು. ಮನೆಯ ಕೀಲಿ ಅವರ ಜೇಬಿನಲ್ಲಿತ್ತು. ಅವರು ಉಜ್ಜಿ ಮುಗಿಸುವವರೆಗೆ ನಾನು ಸೂಟ್‌ಕೇಸ್ ಹಿಡಿದುಕೊಂಡು ಅಂಗಳದಲ್ಲಿ ನಿಂತೆ. ನನ್ನ ಗೃಹಪ್ರವೇಶ ಅದು.

ಕಲೆ ಹೋಗಲಿಲ್ಲ. ತಿಳಿ ಹಳದಿಯಾಗಿ ಉಳಿಯಿತು.

ದಿನದ ಓಡಾಟಕ್ಕೆ ಬೇರೆ ಹಳೇ ಕಾರು ತಂದರು. ಹಸಿರು ಕಾರು ಗರಾಜಿನೊಳಗೆ ಹೋಯಿತು. ಭಾನುವಾರ ಅವರೊಬ್ಬರೇ ಹೊರಗೆ ತೆಗೆದು, ಊರು ಒಂದು ಸುತ್ತು ಹಾಕಿ ತಂದು ನಿಲ್ಲಿಸುತ್ತಿದ್ದರು. ಮೋಡವಿದ್ದರೆ ಅದೂ ಇಲ್ಲ. ಅದರ ಟೈರು, ಪೈಪು, ಬೋಲ್ಟು ಯಾವುದೂ ಬದಲಾಗಬಾರದು. ಕಂಪನಿಯವರು ಹಾಕಿದ್ದೇ ಇರಬೇಕು. ಬಾಗಿಲ ಒಳಗಡೆ ಕಂಪನಿಯ ಕೆಲಸಗಾರ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆದಿದ್ದ. ಅದನ್ನೂ ಒರೆಸದೆ ಇಟ್ಟುಕೊಂಡಿದ್ದರು. ನಮ್ಮ ಮಗ ಅಭಿನವ ಐದು ವರ್ಷದವನಿದ್ದಾಗ ಆ ಗೀಟಿನ ಮೇಲೆ ಬೆರಳಾಡಿಸಿದ. ಅವನ ಕೈಗೆ ಬಿದ್ದ ಪೆಟ್ಟಿನ ಬಾವು ಮೂರು ದಿನ ಇಳಿಯಲಿಲ್ಲ.

ಮನೆಗೆ ಬಂದವರ ಮುಂದೆ ಒಂದು ಮಾತು ಹೇಳಿ ನಗುತ್ತಿದ್ದರು.

“ನಮ್ಮ ಮನಿಯಾಗ ಎರಡು ಒರಿಜಿನಲ್ ಅದಾವ್ರಿ. ಒಂದು ಕಾರು, ಒಂದು ಶಾಂತವ್ವ. ಎರಡಕ್ಕೂ ಏನೂ ಮಾಡಿಸಿಲ್ಲ.”

ನಾನು ನಾಲ್ಕನೇ ಇಯತ್ತೆ ಕಲಿತವಳು. ಇಂಗ್ಲಿಷ್ ಕಲಿಯುತ್ತೇನೆ ಎಂದರೆ, ಯಾರ ಕೂಡ ಮಾತಾಡಾಕ ಎನ್ನುತ್ತಿದ್ದರು. ಡ್ರೈವಿಂಗ್ ಕಲಿಯುತ್ತೇನೆ ಎಂದರೆ, ಎಲ್ಲಿಗೆ ಹೋಗಾಕ ಎನ್ನುತ್ತಿದ್ದರು. ಬಂದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಗದೆ ಇನ್ನೇನು ಮಾಡಲಿ?

ಆಯುಧ ಪೂಜೆಯ ದಿನ ಮಾತ್ರ ನನಗೆ ಕಸಿವಿಸಿಯಾಗುತ್ತಿತ್ತು. ದಿನದ ಕಾರಿಗೆ ವಿಭೂತಿ, ಕುಂಕುಮ, ಮಾಲೆ ಎಲ್ಲ ಹಾಕುತ್ತಿದ್ದರು. ಹಸಿರು ಕಾರಿನ ಹತ್ತಿರ ಬಿಡುತ್ತಿರಲಿಲ್ಲ. ಅದರ ಮುಂದೆ ಒಂದು ಸ್ಟೂಲ್ ಇಟ್ಟು, ಸ್ಟೂಲಿಗೆ ಕುಂಕುಮ ಹಚ್ಚಿ, ಸ್ಟೂಲಿಗೇ ಮಾಲೆ ಹಾಕುತ್ತಿದ್ದರು. ಟೈರಿನ ಮುಂದೆ ನಾಲ್ಕು ನಿಂಬೆಹಣ್ಣು ಇಡುತ್ತಿದ್ದರು, ಆದರೆ ಕಾರು ಹಾಯಿಸುತ್ತಿರಲಿಲ್ಲ. ಹುಳಿ ತಾಗಿದರೆ ಹಳೇ ರಬ್ಬರು ಕೆಡುತ್ತದಂತೆ. ಮರುದಿನ ಆ ನಿಂಬೆಹಣ್ಣು ಎತ್ತಿ ತಂದು ಕೊಡುತ್ತಿದ್ದರು. ನಾನು ಚಿತ್ರಾನ್ನ ಮಾಡುತ್ತಿದ್ದೆ.

“ದೇವರಿಗೆ ಮೋಸ ಮಾಡಿ ಉಣ್ಣೂದು ಇದು” ಎಂದು ಒಮ್ಮೆ ಅಂದೆ.

“ಉಪ್ಪು ಸಾಲದಾಗೈತಿ, ಹಾಕು” ಅಂದರು.

ಅಟ್ಲಾಂಟಾದ ಹತ್ತಿರ ಡುಲುತ್‌ನಲ್ಲಿ ಪ್ರತಿ ನವೆಂಬರಿಗೆ ಹಳೇ ಕಾರುಗಳ ಶೋ ನಡೆಯುತ್ತಿತ್ತು. ಏನೂ ಬದಲಿಸದ ಕಾರು ಎಂದು ಅಲ್ಲಿ ಒಂದು ಸರ್ಟಿಫಿಕೇಟ್ ಕೊಡುತ್ತಿದ್ದರು. ಅದು ಬೇಕು ಎಂದು 1993ರಿಂದ ಅವರಿಗೆ ಹುಚ್ಚು ಹಿಡಿಯಿತು. ಜಡ್ಜುಗಳು ಮಂಡಿಯೂರಿ ಟಾರ್ಚ್ ಬಿಟ್ಟು ಕಾರಿನ ಹೊಟ್ಟೆಯೊಳಗೆಲ್ಲ ನೋಡುತ್ತಾರಂತೆ. 1996ರಲ್ಲಿ ಎಲ್ಲ ಪಾಸಾಗಿ, ಒಬ್ಬ ಜಡ್ಜು ಪಕ್ಕದ ಸೀಟಿನ ತಲೆದಿಂಬಿನ ಮೇಲೆ ಬೆರಳಿಟ್ಟನಂತೆ. ಒಂದೇ ಒಂದು ಅಂಕ ಕಡಿಮೆಯಾಯಿತು. ಮುಂದಿನ ವರ್ಷ ಇದನ್ನು ಸರಿಯಾಗಿ ಶುಚಿ ಮಾಡಿ ತನ್ನಿ, ಆಗುತ್ತದೆ ಎಂದರಂತೆ.

ಮನೆಗೆ ಬಂದವರು ಬೂಟು ಬಿಚ್ಚುವ ಮೊದಲೇ ಅಂದರು. “ನಿನ್ನ ತಲಿ. ಇಪ್ಪತ್ತೇಳು ವರ್ಷ ನಾ ಕಾದಿದ್ದನ್ನ ನಿನ್ನ ತಲಿ ತಿಂತು.”

ಅದೇ ಚಳಿಗಾಲದಲ್ಲಿ ಅವರಿಗೆ ಮೆಟ್ಟಿಲು ಹತ್ತಿದರೆ ಉಸಿರು ಸಿಗದಾಯಿತು. ಎರಡು ಸಲ ಗರಾಜಿನಲ್ಲೇ ಕಣ್ಣು ಕತ್ತಲೆ ಬಂದು ಬಿದ್ದರು. ಮಿಲ್ಲಿನ ಕೆಲಸ ಬಿಟ್ಟರು. ಹೃದಯದ ಒಂದು ಕವಾಟ ಗಟ್ಟಿಯಾಗಿದೆ, ಅದನ್ನು ತೆಗೆದು ಬೇರೆ ಹಾಕಬೇಕು, ಹಾಕದಿದ್ದರೆ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದರು. ಒಂದೋ ಹಂದಿಯದು ಹಾಕುತ್ತಾರೆ, ಇಲ್ಲವೋ ಲೋಹದ್ದು.

ಅಭಿನವ ದೂರದ ಶ್ಯಾಂಟಿಲಿ ಎಂಬ ಊರಿನಲ್ಲಿ ಕೆಲಸದಲ್ಲಿದ್ದ. ಆರು ತಾಸು ಡ್ರೈವ್ ಮಾಡಿಕೊಂಡು ಬಂದ. ಮೂವರೂ ಅಡುಗೆಮನೆಯ ಮೇಜಿಗೆ ಕೂತೆವು.

“ಲಿಂಗ ಕಟ್ಟಿದ ಎದಿಯಾಗ ಹಂದಿ ತುರುಕ್ತಾರಂತ” ಅಂದರು ಅವರು.

“ಡ್ಯಾಡ್, ಮೆಟಲ್ ಹಾಕ್ಸಿ. ಇಟ್ಸ್ ಫೈನ್” ಅಂದ ಮಗ.

“ಅದು ಹಗಲು ರಾತ್ರಿ ಟಿಕ್ ಟಿಕ್ ಅಂತೈತಂತ. ಹುಟ್ಟಿದಾಗ ಬಂದ ಪಾರ್ಟ್ ತಗದು ಬ್ಯಾರೆ ಹಾಕಿಸ್ಕೊಂಡ ಮ್ಯಾಲೆ ಏನುಳೀತು?”

ನನಗೆ ಸಿಟ್ಟು ಬಂತು. “ನಿಮ್ಮನ್ನೂ ಶೋಕ್ಕ ಒಯ್ಯಬೇಕೇನ್ರಿ? ಮಂಡಿಯೂರಿ ಟಾರ್ಚ್ ಬಿಟ್ಟು ನಿಮ್ಮ ಹೊಟ್ಟಿ ಒಳಗ ನೋಡ್ತಾರೇನು? ಒಂದು ಅಂಕ ಕಡಿಮಿ ಆದ್ರ ಆಗ್ಲಿ. ಮನಿಯಾಗ ಇರ್ರಿ.”

ಅಭಿನವ ಬಾಯಿ ಮುಚ್ಚಿಕೊಂಡು ನಕ್ಕ. ಆಮೇಲೆ ಅವರೂ ನಕ್ಕರು. ಕೆಮ್ಮು ಬರುವಷ್ಟು ನಕ್ಕರು. ನನ್ನ ಮಾತಿಗೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ಆತು. ನವೆಂಬರ್ ಶೋ ಮುಗೀಲಿ. ಸರ್ಟಿಫಿಕೇಟ್ ತಗೊಂಡು ಬಂದು ಕೊಯ್ಸಿಕೊಳ್ತೀನಿ” ಅಂದರು.

ನವೆಂಬರ್ ಇಪ್ಪತ್ತಕ್ಕೆ ಆಪರೇಶನ್ ಎಂದು ನಿಗದಿಯಾಯಿತು. ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕುಂಕುಮ ಹಚ್ಚಿದೆ. ಆ ದಿನದವರೆಗೆ ಅವರನ್ನು ಉಳಿಸಿಕೊಂಡು ಹೋದರೆ ಸಾಕು ಎಂದು ಒಂದೊಂದೇ ದಿನ ದಾಟಿಸಿದೆ.

ಅದಕ್ಕೂ ಮೊದಲು ಅಕ್ಟೋಬರಿನಲ್ಲಿ ಎರಡು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡು, ತೊಡೆಯಿಂದ ಹೃದಯಕ್ಕೆ ನಳಿಗೆ ಬಿಟ್ಟು ಪರೀಕ್ಷೆ ಮಾಡುವುದಿತ್ತು. ನಮ್ಮ ಓಣಿಯ ಕೊನೆಯಲ್ಲಿ ಕೇಶವಮೂರ್ತಿ ಎಂಬ ಮೈಸೂರಿನ ಹುಡುಗ, ಅವನ ಹೆಂಡತಿ ಶೈಲಜಾ ಇದ್ದರು. ಕಂಪ್ಯೂಟರ್ ಕೆಲಸಕ್ಕೆ ಬಂದವರು. ಕೇಶವಮೂರ್ತಿಯೇ ಅವರನ್ನು ಕರೆದುಕೊಂಡು ಹೋದ.

“ನಾನೂ ಬರ್ತೀನ್ರಿ” ಅಂದೆ.

“ಗರಾಜ್ ಕಾಯವರು ಯಾರು?” ಅಂದರು.

ಅವರು ಹೋದ ಮರುದಿನ ಆಯುಧ ಪೂಜೆ. ನಾನೊಬ್ಬಳೇ ಇದ್ದೆ. ಗರಾಜಿಗೆ ಹೋಗಿ ಆ ಕಾರಿನ ಮುಂದೆ ನಿಂತೆ. ಇಪ್ಪತ್ತೆಂಟು ವರ್ಷ ಒಂದು ಗಾಡಿಗೆ ಪೂಜೆಯಿಲ್ಲ. ಪೂಜೆಯೆಲ್ಲ ಸ್ಟೂಲಿಗೆ. ನಿಂಬೆಹಣ್ಣು ಚಿತ್ರಾನ್ನಕ್ಕೆ. ಇದರ ಸಿಟ್ಟೇ ಅವರ ಎದೆಗೆ ಬಂದು ಕೂತಿದೆ ಎಂದು ನನಗೆ ಅನ್ನಿಸಿತು. ಅನ್ನಿಸಿತು ಎಂದರೆ ಸುಳ್ಳು. ಖಾತ್ರಿಯೇ ಆಯಿತು.

ಒದ್ದೆ ಬಟ್ಟೆಯಿಂದ ಬಾನೆಟ್ ಒರೆಸಿದೆ. ಮೂರು ಬೆರಳಿಂದ ವಿಭೂತಿ ಎಳೆದೆ. ಅರಿಶಿನ, ಕುಂಕುಮ ಹಚ್ಚಿದೆ. ಹಿತ್ತಲಿನ ಚೆಂಡುಹೂವಿನ ಮಾಲೆ ಹಾಕಿದೆ. ತವರಿನಿಂದ ತಂದ ಹಿತ್ತಾಳೆಯ ಆರತಿ ತಟ್ಟೆಯಲ್ಲಿ ಕರ್ಪೂರ ಹಚ್ಚಿದೆ. ಡಬ್ಬಿಯಲ್ಲಿದ್ದಷ್ಟನ್ನೂ ಹಾಕಿದೆ, ಇಷ್ಟು ವರ್ಷದ ಬಾಕಿ ಎಂದು. ತಟ್ಟೆ ಕೈ ಸುಟ್ಟಿತು. ಬಾನೆಟ್ಟಿನ ಮೇಲೆ ಇಟ್ಟು ಕೈ ಮುಗಿದೆ. ನವೆಂಬರ್ ಇಪ್ಪತ್ತು ದಾಟಿಸು, ಅವರನ್ನು ಬಿಟ್ಟುಕೊಡು ಎಂದು ಬೇಡಿಕೊಂಡೆ.

ಆಗ ಒಳಗೆ ಫೋನ್ ಬಂತು. ಓಡಿದೆ. ಶೈಲಜಾ.

“ಆಂಟಿ, ಟೆಸ್ಟ್ ಮುಗೀತಂತೆ. ಅಂಕಲ್ ಚೆನ್ನಾಗಿದಾರಂತೆ. ನಾಳೆ ಬೆಳಿಗ್ಗೆ ಡಿಸ್ಚಾರ್ಜ್. ಊಟ ಮಾಡಿದ್ರಾ?”

ಮಾಡಿದೆ ಎಂದೆ. ದೇವರು ಇಷ್ಟು ಬೇಗ ಕೇಳಿಸಿಕೊಂಡನಲ್ಲ ಎಂದು ಖುಷಿಯಲ್ಲಿ ಎರಡು ಮಾತು ಹೆಚ್ಚು ಆಡಿದೆ. ತಿರುಗಿ ಬರುವಷ್ಟರಲ್ಲಿ ಕರ್ಪೂರ ಉರಿದು ಮುಗಿದಿತ್ತು. ತಟ್ಟೆ ಎತ್ತಿದೆ. ಬರಲಿಲ್ಲ. ಜಗ್ಗಿದೆ. ಬಣ್ಣವೂ ತಟ್ಟೆಯ ಕೂಡ ಎದ್ದು ಬಂತು. ಬಾನೆಟ್ಟಿನ ನಡುವೆ ದುಂಡಗೆ ಬರೆ ಎಳೆದಂತೆ ಒಂದು ಗಾಯ. ಒಳಗಿನ ತಗಡು ಕಾಣುತ್ತಿತ್ತು.

ಮುಚ್ಚಿಡಲಿಲ್ಲ. ಮುಚ್ಚಿಡಲು ನನಗೆ ಬರುವುದಿಲ್ಲ.

ಮರುದಿನ ಅವರು ಬಂದರು. ಮನೆಯೊಳಗೆ ಕಾಲಿಡುವ ಮೊದಲು ಗರಾಜಿಗೇ ಹೋದರು, ಯಾವಾಗಲೂ ಹಾಗೇ. ಕೇಶವಮೂರ್ತಿ ಅವರ ತೋಳು ಹಿಡಿದಿದ್ದ. ಶೈಲಜಾ ಸಾರಿನ ಪಾತ್ರೆ ಹಿಡಿದು ಹಿಂದೆ ಇದ್ದಳು. ಅವರು ಆ ಗುರುತಿನ ಸುತ್ತ ಬೆರಳಾಡಿಸಿದರು. ಒಂದು ಸುತ್ತು, ಎರಡು ಸುತ್ತು.

“ನಿಮಗ ಒಳ್ಳೇದಾಗ್ಲಿ ಅಂತ ಮಾಡಿದೆನ್ರಿ” ಅಂದೆ.

ಅವರು ನನ್ನ ಕಡೆ ತಿರುಗಲಿಲ್ಲ. ಕೇಶವಮೂರ್ತಿಗೆ ಹೇಳಿದರು. “ನೋಡಪಾ. ಇನ್ನ ಶೋನೂ ಇಲ್ಲ, ಆಪರೇಶನ್ನೂ ಇಲ್ಲ. ಯಾರಿಂದ ಆತು ಅಂತ ಕೇಳಿದವರಿಗೆ ನೀನಽ ಹೇಳು.”

ಕೇಶವಮೂರ್ತಿ ನೆಲ ನೋಡುತ್ತ ನಿಂತ. ಶೈಲಜಾ ಪಾತ್ರೆ ಕೆಳಗಿಟ್ಟಳು.

“ಏನಾಂಟಿ ನೀವು! ಅಂಕಲ್‌ಗೆ ಅದು ಪ್ರಾಣ ಅಂತ ಗೊತ್ತಿಲ್ವಾ? ಇಷ್ಟು ವರ್ಷ ಸಂಸಾರ ಮಾಡಿ ಅದೊಂದು ಮುಟ್ಟಬಾರ್ದು ಅಂತ ತಿಳೀಲಿಲ್ವಾ?”

ನನಗೆ ಮಗಳಾಗುವ ವಯಸ್ಸಿನವಳು. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು?

ಆ ದಿನದಿಂದ ಅವರು ನನ್ನ ಕೂಡ ಮಾತು ಬಿಟ್ಟರು. ಏನಾದರೂ ಹೇಳಬೇಕೆಂದರೆ ಶ್ಯಾಂಟಿಲಿಗೆ ಫೋನ್ ಹಚ್ಚಿ ಮಗನಿಗೆ ಹೇಳುತ್ತಿದ್ದರು. ನಾನು ಮೂರು ಮಾರು ದೂರದಲ್ಲಿ ರೊಟ್ಟಿ ಬಡಿಯುತ್ತಿರುತ್ತಿದ್ದೆ.

“ಅಭೀ, ನಿಮ್ಮವ್ವಗ ಹೇಳು, ಸಾರು ಸಪ್ಪಗೈತಿ.”

ಆಮೇಲೆ ಫೋನನ್ನು ಮೇಜಿನ ಮೇಲೆ ಇಟ್ಟು ಎದ್ದು ಹೋಗುತ್ತಿದ್ದರು. ನಾನು ಎತ್ತಿಕೊಳ್ಳುತ್ತಿದ್ದೆ.

“ಅಮ್ಮಾ, ಸಾರಿಗೆ ಉಪ್ಪು ಬೇಕಂತೆ” ಎನ್ನುತ್ತಿದ್ದ ಅವನು. ಒಂದು ಸಲ ಅಳುತ್ತ ಅಂದ, “ಐ ಕಾಂಟ್ ಡೂ ದಿಸ್, ಅಮ್ಮಾ. ನೀವಿಬ್ರೂ ಮಾತಾಡಿ, ಪ್ಲೀಸ್.”

“ಅವರಿಗೆ ಹೇಳು, ಆಪರೇಶನ್ ಮಾಡಿಸ್ಕೊರಿ ಅಂತ. ನಾ ಬೇಕಾದ್ರ ನಿನ್ನ ಕಡೆ ಬಂದು ಇರ್ತೀನಿ. ನನ್ನ ಮುಖ ನೋಡೂದು ಬ್ಯಾಡ ಅಂತ ಹೇಳು.”

ಅವನು ಹೇಳಿದ. ಅವರು, ಬಣ್ಣ ತಿರುಗಿ ಬರ್ತೈತೇನು ಎಂದರಂತೆ.

ನವೆಂಬರ್ ಇಪ್ಪತ್ತು ಬಂತು, ಹೋಯಿತು. ಕ್ಯಾಲೆಂಡರಿನ ಕುಂಕುಮ ಹಾಗೇ ಇತ್ತು. ನಾನು ಸಾರು, ರೊಟ್ಟಿ, ಮಾತ್ರೆ ಮೇಜಿನ ಮೇಲೆ ಇಟ್ಟು ಬದಿಗೆ ನಿಲ್ಲುತ್ತಿದ್ದೆ. ಅವರ ಕಾಲು ಬಾತುಕೊಂಡಿತ್ತು. ಬೂಟು ಹಿಡಿಸುತ್ತಿರಲಿಲ್ಲ. ನನ್ನ ಚಪ್ಪಲಿಯನ್ನು ಅವರ ಕಾಲ ಹತ್ತಿರ ಇಟ್ಟೆ. ಅದನ್ನು ಹಾಕಿಕೊಂಡು ಗರಾಜಿಗೆ ಹೋದರು. ಮಾತು ಮಾತ್ರ ಆಡಲಿಲ್ಲ.

ಡಿಸೆಂಬರ್ ಎರಡನೇ ತಾರೀಖು ಬೆಳಿಗ್ಗೆ ಚಹಾ ಒಯ್ದೆ. ಕಾರಿನ ಮುಂದಿನ ಸ್ಟೂಲಿನ ಮೇಲೆ ಕೂತಿದ್ದರು, ಪೂಜೆಯ ಸ್ಟೂಲು. ತಲೆ ಬಂಪರಿಗೆ ಆನಿಸಿತ್ತು. ಕೈಯಲ್ಲಿ ಒರೆಸುವ ಬಟ್ಟೆ. ಮೈ ತಣ್ಣಗಿತ್ತು. ಐವತ್ತೆರಡು ದಿನ ಮಾತಾಡದ ಬಾಯಿ ತೆರೆದಿತ್ತು.

ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಇಲ್ಲಿಯವರು ಒಪ್ಪಲಿಲ್ಲ. ಪೆಟ್ಟಿಗೆಯಲ್ಲಿ ಮಲಗಿಸಿದರು. ಅಂಗೈಯಲ್ಲಿ ಲಿಂಗ ಇಟ್ಟು ನಾನೇ ಬೆರಳು ಮಡಿಚಿದೆ. ಶಾರ್ಲೆಟ್‌ನಿಂದ ಬಂದ ಕನ್ನಡದವರು ನನ್ನ ಕೈ ಹಿಡಿದು ಸಮಾಧಾನ ಹೇಳಿದರು. ಬಾಗಿಲಾಚೆ ಹೋಗಿ, ಆ ಕಾರಿನ ವಿಷಯದಲ್ಲೇ ಎದೆ ಒಡಕೊಂಡ್ರಂತೆ, ಹೆಂಡತಿ ಏನೋ ಮಾಡಿದಳಂತೆ ಎಂದರು. ಇಂಗ್ಲಿಷ್ ಬರದಿದ್ದರೂ ಕನ್ನಡ ಕೇಳಿಸುತ್ತದಲ್ಲ.

ಹನ್ನೊಂದು ದಿನ ಕಳೆದ ಮೇಲೆ ಅಭಿನವ ಕಾಗದಪತ್ರ ನೋಡಲು ಕೂತ. ಕಾರಿನ ನೀಲಿ ಫೈಲು ತಂದು ಮೇಜಿನ ಮೇಲೆ ಬಿಚ್ಚಿದ. ಗಾಜಿನ ಚೀಟಿ, ಅಂಗಡಿಯ ರಸೀದಿ. ಎಲ್ಲಕ್ಕಿಂತ ಹಿಂದೆ ಒಂದು ಹೊಸ ಹಾಳೆ. ಅವನು ಓದಿದ. ಇನ್ನೊಂದು ಸಲ ಓದಿದ.

“ಏನದು?” ಅಂದೆ.

“ಹಾಸ್ಪಿಟಲ್‌ದು. ಆಪರೇಶನ್ ಬೇಡ ಅಂತ ಡ್ಯಾಡ್ ಸೈನ್ ಮಾಡಿದಾರೆ. ಮಾಡಿಸ್ಕೊಳ್ಳದಿದ್ರೆ ಸಾಯ್ತೀರಿ ಅಂತ ಎಕ್ಸ್‌ಪ್ಲೇನ್ ಮಾಡಿದೀವಿ ಅಂತ ಬರ್ದಿದೆ.”

“ಸಿಟ್ಟಿನಾಗ ಮಾಡ್ಯಾರ. ಬಂದು ಬಣ್ಣ ನೋಡಿದ ಮ್ಯಾಲೆ.”

ಅವನು ಹಾಳೆಯನ್ನು ನನ್ನ ಮುಂದೆ ಇಟ್ಟು ಒಂದು ಕಡೆ ಬೆರಳಿಟ್ಟ. ಅಂಕಿ ನನಗೂ ಬರುತ್ತದೆ. ಅಕ್ಟೋಬರ್ ಒಂಬತ್ತು. ಅವರು ಆಸ್ಪತ್ರೆಗೆ ಹೋದ ದಿನ. ನಾನು ಕರ್ಪೂರ ಹಚ್ಚಿದ್ದು ಹತ್ತಕ್ಕೆ.

ನಾನು ಸೆರಗು ಹೊದ್ದುಕೊಂಡು ಓಣಿಯ ಕೊನೆಗೆ ನಡೆದೆ. ಕೇಶವಮೂರ್ತಿ ಅಂಗಳದಲ್ಲಿ ಎಲೆ ಗುಡಿಸುತ್ತಿದ್ದ. ಹಾಳೆ ತೋರಿಸಿದೆ.

“ನಿನಗ ಗೊತ್ತಿತ್ತೇನಪಾ?”

ಅವನು ಓದಲೇ ಇಲ್ಲ. ನೋಡಿದ ಕೂಡಲೇ ಗುರುತು ಹಿಡಿದ.

“ಹೋಗ್ತಾ ಕಾರಲ್ಲೇ ಹೇಳಿದ್ರು ಆಂಟಿ. ಎದೆ ಸೀಳಿಸ್ಕೊಳೋಕೆ ಭಯ ಆಗತ್ತೆ ಕಣಪ್ಪಾ ಅಂದ್ರು. ಅತ್ರು. ಟೆಸ್ಟ್ ಆದ್ರೆ ಸಾಕು, ಆಪರೇಶನ್ ಬೇಡ ಅಂತ ಹೋದ ತಕ್ಷಣ ಸೈನ್ ಮಾಡಿದ್ರು. ಶಾಂತವ್ವಂಗೆ ಮಾತ್ರ ಹೇಳ್ಬೇಡ, ನಾನು ಹೆದರಿದೆ ಅಂತ ಅವಳಿಗೆ ಗೊತ್ತಾಗ್ಬಾರ್ದು ಅಂತ ಆಣೆ ಹಾಕಿಸ್ಕೊಂಡ್ರು.”

“ನಿನ್ನ ಹೆಂಡ್ತಿ ನನ್ನ ಬೈಯುವಾಗ ನೀ ಅಲ್ಲೇ ನಿಂತಿದ್ದಿ.”

“ಆಣೆ ಹಾಕಿದ್ದೆ ಆಂಟಿ...”

“ಗಂಡನ್ನ ಕೊಂದವಳು ಅಂತ ಊರು ನನಗ ಅಂದಾಗ ಎಲ್ಲಿತ್ತು ನಿನ್ನ ಆಣಿ?”

ನಾನು ತಿರುಗಿ ಬಂದೆ.

ಹೆದರಿದ್ದರು. ಅಷ್ಟೇ. ಹೆದರಿಕೆ ಯಾರಿಗಿಲ್ಲ? ನನಗೆ ಹೇಳಿದ್ದರೆ ಕೈ ಹಿಡಿದುಕೊಂಡು ಕೂರುತ್ತಿದ್ದೆ. ಅದರ ಬದಲು ಬಾನೆಟ್ಟಿನ ಗಾಯ ನೋಡಿ, ಇದು ಚಲೋ ಆಯಿತು, ಆಪರೇಶನ್ ಬೇಡ ಎಂದದ್ದನ್ನು ಇದರ ಮೇಲೆ ಹಾಕಿದರಾಯಿತು ಎಂದುಕೊಂಡರು. ಐವತ್ತೆರಡು ದಿನ ನನ್ನ ಕೈಯಲ್ಲಿ ಉಂಡು ಹಾಗೇ ಹೋದರು. ಬಣ್ಣ ಹೋದ ಸಂಕಟ ಅವರಿಗೆ ಇರಲಿಲ್ಲ ಎನ್ನುವುದಿಲ್ಲ. ಇತ್ತು. ಆದರೆ ಪ್ರಾಣ ಹೋದದ್ದು ಅದರಿಂದಲ್ಲ.

ಅಭಿನವ ಕಾರು ಮಾರೋಣ ಅಂದ, ಇಲ್ಲವೇ ಬಾನೆಟ್ಟಿಗೆ ಬಣ್ಣ ಹಾಕಿಸೋಣ ಅಂದ. ಎರಡೂ ಬೇಡ ಎಂದೆ. ಅವನು ಶ್ಯಾಂಟಿಲಿಗೆ ಹೋದ ಮರುದಿನ ಮಧ್ಯಾಹ್ನ ಕೊಬ್ಬರಿ ಎಣ್ಣೆ ಬಿಸಿ ಮಾಡಿದೆ. ತಲೆಗೆ ಸುರಿದುಕೊಂಡೆ. ಕಿವಿಯ ಮೇಲೆ, ಕುತ್ತಿಗೆಗೆ ಇಳಿಯುವಷ್ಟು ಹಚ್ಚಿದೆ. ಕೀಲಿ ತೆಗೆದುಕೊಂಡು ಗರಾಜಿಗೆ ಹೋದೆ. ಅವರು ಕಾದ ಸೀಟನ್ನು ಹಾಳು ಮಾಡಬೇಕೆಂದೇ ಹೋದೆ. ಬಾಗಿಲು ತೆಗೆದು ಒಳಗೆ ಕೂತೆ, ಇಪ್ಪತ್ತೈದು ವರ್ಷದ ಹಿಂದೆ ಕೂತಲ್ಲೇ. ಒಳಗೆಲ್ಲ ಅವರ ವಾಸನೆ, ಪಾಲಿಶ್ ಮತ್ತು ನಶ್ಯ. ತಲೆ ಹಿಂದಕ್ಕೆ ಒತ್ತಿದೆ. ಗಟ್ಟಿಯಾಗಿ ಉಜ್ಜಿದೆ. ಬಾಯಿಗೆ ಬಂದಷ್ಟು ಬೈದೆ. ಆಮೇಲೆ ರೀ ಎಂದೆ. ಓ ಅನ್ನುವವರು ಯಾರೂ ಇರಲಿಲ್ಲ.

ಇಳಿಯುವಾಗ ತಿರುಗಿ ನೋಡಿದೆ. ಕೂರುವ ಮೊದಲೇ ನಾನು ತಲೆದಿಂಬಿಗೆ ಟವೆಲ್ ಹಾಸಿದ್ದೆ. ಯಾವಾಗ ಹಾಸಿದೆನೋ ನೆನಪಿಲ್ಲ.